ಎರಡು ಗ್ಲಾಸು, ಒಂದು ಬಾಟಲಿ

"ಮೂರು ಜನ ಅಲ್ವಾ ಸಾರ್?" ಅಂದಳು ಫೋನಿನ ಆ ಕಡೆಯ ಹೆಂಗಸು. "ಎರಡು ಗ್ಲಾಸು, ಒಂದು ಬಾಟಲಿ. ನಮ್ಮ ಹಲಗೆ ಮೇಲೆ ಹಾಗೇ ಬರೆದಿತ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನಾಲ್ಕು ಜನ," ಅಂದೆ. "ಮೂರು ಗ್ಲಾಸು, ಒಂದು ಬಾಟಲಿ. ಇಲ್ಲಿ ಗೋಡೆ ಮೇಲೆ ಇದೆ, ನೋಡ್ತಾ ಇದ್ದೀನಿ."

"ಮೊದಲು ಹಾಗೇ ಇತ್ತು. ಆಮೇಲೆ ಒಬ್ಬರು ಬರ್ತಿಲ್ಲ ಅಂತ ನಿಮ್ಮ ಕಡೆಯಿಂದಲೇ ಫೋನ್ ಬಂತಂತೆ. ನಮ್ಮವರು ಮೂರು ಅಳಿಸಿ ಎರಡು ಮಾಡಿದ್ರು."

"ಯಾವಾಗ?"

"ಗುರುವಾರ. ನಾನು ಬೆಳಿಗ್ಗೆ ಬಾಗಿಲು ತೆಗೆದಾಗಲೇ ಅಳಿಸಿ ಆಗಿತ್ತು. ಒಂಬತ್ತಕ್ಕೆ ಮುಂಚೆ ಅನ್ನಿ."

ನನ್ನ ತಮ್ಮ ಸತ್ತದ್ದು ಗುರುವಾರ ರಾತ್ರಿ ಒಂಬತ್ತು ಹತ್ತರ ನಡುವೆ. ಹಾಗಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಅವನು ಇರೋದಿಲ್ಲ ಅನ್ನೋದು ಹನ್ನೆರಡು ಗಂಟೆ ಮುಂಚೆಯೇ ಯಾರಿಗೋ ಗೊತ್ತಿತ್ತು.

"ಫೋನಿನಲ್ಲಿ ಮಾತಾಡಿದ್ದು ಯಾರು ಅಂತ ಗೊತ್ತಾ ಅಮ್ಮ?"

"ಎತ್ತಿದ್ದು ನಮ್ಮವರು. ಈಗ ವ್ಯಾನಿನಲ್ಲಿ ಮಾಲು ಹಾಕೋಕೆ ಹೋಗಿದ್ದಾರೆ. ಗಾಡಿ ಓಡಿಸೋವಾಗ ಫೋನ್ ಎತ್ತಲ್ಲ. ಮೂರು ಗಂಟೆಗೆ ಬರ್ತಾರೆ, ಬಂದ ಕೂಡಲೇ ಮಾಡಿಸ್ತೀನಿ." ಆಮೇಲೆ ದನಿ ತಗ್ಗಿಸಿ, "ಮುಂದಿನ ಮೂರು ಬ್ರೂವರಿಗೂ ನಾವೇ ತಿಳಿಸಿದ್ವಿ. ಸುಮ್ಮನೆ ಯಾರ ಬಿಯರೂ ದಂಡ ಆಗಬಾರದು ನೋಡಿ" ಅಂದಳು.

ನಾನು ಫೋನ್ ಮಾಡಿದ್ದು ಶುಕ್ರವಾರ ಹೊರಡಬೇಕಿದ್ದ ಪ್ರವಾಸ ಯಾಕೆ ತಪ್ಪಿತು ಅಂತ ತಿಳಿಸೋಕೆ. ಐದು ದಿನದಿಂದ ಯಾರಿಗೂ ಆ ಕೆಲಸ ಹೊಳೆದಿರಲಿಲ್ಲ.

ಆಫೀಸಿನ ಗೋಡೆ ಮೇಲಿನ ಹಾಳೆ ತಮ್ಮನ ಕೈಬರಹದ್ದು. ನಾಲ್ಕು ದಿನ, ಬಿಯರ್ ಮಾಡೋ ನಾಲ್ಕು ಸಣ್ಣ ಬ್ರೂವರಿ, ಆರುನೂರ ಹತ್ತು ಕಿಲೋಮೀಟರ್. ಹೊರಡುವ ಸಮಯ, ತಲುಪುವ ಸಮಯ, ನಡುವೆ ಎಷ್ಟು ನಿಮಿಷ ನಿಲ್ಲೋದು, ಕೊನೇ ಕಾಲಮ್ಮಿನಲ್ಲಿ ಆ ದಿನದ ಡ್ರೈವರ್. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದವನು ನಾನು. ಆ ಕಾಲಮ್ಮುಗಳು ನನ್ನವು. ನನ್ನ ಹತ್ತಿರ ಮಾತು ಬಿಟ್ಟು ಎರಡೂಕಾಲು ವರ್ಷ ಆಗಿತ್ತು, ಕಾಲಮ್ಮು ಮಾತ್ರ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಬಿಯರ್ ಕುಡಿಯೋಕೆ ಹೋಗೋರಿಗೆ ಟೈಂಟೇಬಲ್ ಬೇರೆ ಕೇಡು. ಬದುಕಿದ್ದಿದ್ದರೆ ಅವನ ಮುಖಕ್ಕೇ ಅಂದಿರುತ್ತಿದ್ದೆ. ಮಾತು ಬಿಟ್ಟದ್ದೂ ಅಂಥದೇ ಒಂದು ಮಾತಿಗೆ. ಡಿಪೋದಲ್ಲಿ ನಾನು ಕೊಡಿಸಿದ ಮೆಕ್ಯಾನಿಕ್ ಕೆಲಸ ಬಿಟ್ಟು ಅವನು ಈ ಬ್ರೂವರಿ ಶುರು ಮಾಡಿದ ದಿನ, ನಲವತ್ತು ಜನರ ಎದುರಿಗೆ, "ಕುಡುಕರ ಅಂಗಡಿಗೆ ನಾನು ಕಾಲು ಇಡಲ್ಲ" ಅಂದುಬಿಟ್ಟಿದ್ದೆ. ಇಟ್ಟದ್ದು ಮೊನ್ನೆ ಶುಕ್ರವಾರ, ಅವನನ್ನು ಹೊರಗೆ ತಂದು ಮಲಗಿಸಿದ ಮೇಲೆ.

ಅಳು ಬಂದಿಲ್ಲ. ಹಲ್ಲು ಕೀಳೋ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿದೆ ಒಳಗೆಲ್ಲ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತೆ, ಅಷ್ಟೇ.

ಗಡಿಯಾರ ಒಂದೂ ನಲವತ್ತು ತೋರಿಸುತ್ತಿತ್ತು. ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಬರುತ್ತಾನೆ. ಬಂದರೆ ನನ್ನ ತಮ್ಮನ ಮಗಳು ಕಾಗದಕ್ಕೆ ಸಹಿ ಹಾಕುತ್ತಾಳೆ. ಎಕ್ಸಾಸ್ಟ್ ಫ್ಯಾನು ಹಾಕೋದನ್ನು ಮರೆತು ಅಪ್ಪನ ಸಾವಿಗೆ ಕಾರಣಳಾದೆ ಅಂತ ಅದರಲ್ಲಿ ಬರೆದಿದೆ. ಸಹಿ ಬಿದ್ದರೆ ಜೈಲು ಒಂದು ಕಡೆ ಇರಲಿ, ಇಪ್ಪತ್ತನಾಲ್ಕು ವರ್ಷದ ಹುಡುಗಿ ಉಳಿದ ಆಯುಷ್ಯವೆಲ್ಲ ಅದನ್ನೇ ನಂಬಿ ಬದುಕಬೇಕು.

ಬಿಯರ್ ಹುದುಗುವ ಕೋಣೆ ಕಟ್ಟಡದ ಹಿಂಭಾಗದಲ್ಲಿದೆ. ಹುದುಗು ಜೋರಾಗಿರುವಾಗ ಟ್ಯಾಂಕುಗಳಿಂದ ಕಾರ್ಬನ್ ಡೈಆಕ್ಸೈಡ್ ಬರುತ್ತಲೇ ಇರುತ್ತದೆ. ಫ್ಯಾನು ತಿರುಗುತ್ತಿದ್ದರೆ ಹೊರಗೆ ಹೋಗುತ್ತದೆ. ನಿಂತರೆ ನೆಲದಿಂದ ಮೇಲಕ್ಕೆ ತುಂಬುತ್ತಾ ಬರುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ. ಬಗ್ಗಿದವನು ಏಳೋದಿಲ್ಲ. ಫ್ಯಾನಿನ ಸ್ವಿಚ್ಚು ಬಾಗಿಲ ಹೊರಗಿದೆ.

ಇನ್‌ಸ್ಪೆಕ್ಟರಿಗೆ ಇಷ್ಟು ಸಾಕಾಯಿತು. ಹುಡುಗಿಯ ಕೆಲಸ ಫ್ಯಾನು ಹಾಕೋದು, ಫ್ಯಾನು ಆಫ್ ಆಗಿತ್ತು, ಮುಗೀತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿಯ ಮನುಷ್ಯ.

ಆದರೆ ಆ ಕೋಣೆಗೆ ಒಂದು ಕಟ್ಟಳೆ ಇದೆ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಗಿಲಲ್ಲಿ ನಿಲ್ಲಬೇಕು. ತಮ್ಮನೇ ಮಾಡಿದ ನಿಯಮ. ಒಮ್ಮೆ ಜೊತೆಗೆ ಯಾರೂ ಇಲ್ಲ ಅಂತ ಲೈಸೆನ್ಸಿನ ಅಧಿಕಾರಿಯನ್ನೇ ಮುಕ್ಕಾಲು ಗಂಟೆ ಹೊರಗೆ ಕೂರಿಸಿದ್ದನಂತೆ. ಅಂಥವನು ರಾತ್ರಿ ಒಂಬತ್ತಕ್ಕೆ ಒಬ್ಬನೇ ಒಳಗೆ ಹೋದ ಅಂದರೆ ನಾನು ಒಪ್ಪೋದಿಲ್ಲ. ಬಾಗಿಲಲ್ಲಿ ಯಾರೋ ಇದ್ದರು.

ಈಗ ಈ ಫೋನು.

ಪ್ರವಾಸದ ಲೆಕ್ಕ ಈ ಕಡೆ ಗೊತ್ತಿದ್ದವರು ನಾಲ್ಕೇ ಜನ. ದಿನಕ್ಕೊಬ್ಬರು ಗಾಡಿ ಓಡಿಸಬೇಕು, ಓಡಿಸುವವರು ಆ ದಿನ ಒಂದು ಗುಟುಕೂ ಮುಟ್ಟಬಾರದು, ಅವರ ಪಾಲು ಬಾಟಲಿಗೆ ತುಂಬಿಸಿಕೊಂಡು ರಾತ್ರಿ ತಂಗಿದ ಕಡೆ ಕೊಡೋದು. ಅದಕ್ಕೇ ಮೂರು ಗ್ಲಾಸು, ಒಂದು ಬಾಟಲಿ. ಹೊರಗಿನವರು ಫೋನ್ ಮಾಡಿದ್ದರೆ "ಒಬ್ಬ ಕಮ್ಮಿ" ಅಂತಿದ್ದರು. "ಎರಡು ಗ್ಲಾಸು, ಒಂದು ಬಾಟಲಿ" ಅಂತ ಹೇಳೋದು ಒಳಗಿನವರಿಗೆ ಮಾತ್ರ ಬರುತ್ತೆ.

ಇನ್ನೊಂದು ವಿಷಯ. ಒಬ್ಬ ಮನುಷ್ಯನನ್ನು ಮುಗಿಸೋಕೆ ಹೊರಟವನಿಗೆ ಎಲ್ಲೋ ನೂರೈವತ್ತು ಕಿಲೋಮೀಟರ್ ದೂರದಲ್ಲಿ ಒಂದು ಗ್ಲಾಸು ಬಿಯರ್ ಹಾಳಾದರೆ ಏನಂತೆ? ಆದರೆ ಈ ಕಸುಬಿನವರಿಗೆ ಆಗಲ್ಲ. ಬರುವವರಿಗಾಗಿ ಟ್ಯಾಂಕಿನಿಂದ ತೆಗೆದಿಟ್ಟ ಬಿಯರ್ ಮತ್ತೆ ಒಳಗೆ ಹೋಗಲ್ಲ, ಮಾರನೇ ದಿನಕ್ಕೆ ಚಪ್ಪೆ. ಇನ್ನೊಬ್ಬ ಬ್ರೂವರ್‌ನ ಮಾಲು ಚರಂಡಿಗೆ ಹೋಗೋದನ್ನು ನೋಡಿದರೆ ಇವರಿಗೆ ಹೊಟ್ಟೆ ಉರಿಯುತ್ತೆ. ಕೊಲೆ ಮಾಡುವವನೂ ಇವರಲ್ಲೊಬ್ಬನಾದರೆ ಮೊದಲು ಫೋನ್ ಮಾಡಿ ಗ್ಲಾಸು ಕಮ್ಮಿ ಮಾಡಿಸಿಯಾನು.

ನಾಲ್ವರಲ್ಲಿ ಒಬ್ಬ ತಮ್ಮ. ಇನ್ನೊಬ್ಬ ಟ್ಯಾಂಕುಗಳನ್ನು ಕಟ್ಟಿದ ವೆಲ್ಡರ್, ಅವನು ಸೋಮವಾರದಿಂದ ಗುರುವಾರ ಮಧ್ಯರಾತ್ರಿಯವರೆಗೆ ಬೇರೆ ಊರಿನ ಕಾರ್ಖಾನೆಯಲ್ಲಿ ಹನ್ನೆರಡು ಜನರ ಜೊತೆ ಕೆಲಸದಲ್ಲಿದ್ದ, ಹಾಜರಿ ಪುಸ್ತಕ ನಾನೇ ನೋಡಿ ಬಂದಿದ್ದೇನೆ. ಮೂರನೆಯವಳು ಹುಡುಗಿ. ಅವಳನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಉಳಿದವರು ಮೇಷ್ಟ್ರು.

ಮೇಷ್ಟ್ರ ಕೋಣೆಗೆ ಹೋಗೋಕೆ ಬ್ರೂವರಿಯ ಅಡುಗೆಮನೆ ದಾಟಬೇಕು. ನನ್ನ ಹೆಂಡತಿ ಸಿಂಕಿನ ಮುಂದೆ ನಿಂತಿದ್ದಳು. ಶುಕ್ರವಾರ ನನ್ನ ಜೊತೆ ಬಂದವಳು ಮನೆಗೆ ವಾಪಸು ಹೋಗಿಲ್ಲ. ಹುಡುಗಿಗೆ ತಾಯಿ ಇಲ್ಲ, ಎಂಟನೇ ವಯಸ್ಸಿನಿಂದ ರಜೆಯೆಲ್ಲ ನಮ್ಮ ಮನೆಯಲ್ಲೇ ಬೆಳೆದವಳು. ನಮ್ಮವಳು ಐದು ದಿನದಿಂದ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಾಳೆ.

"ಊಟ?" ಅಂದಳು.

"ಆಮೇಲೆ."

"ಆ ಮಗು ಸಹಿ ಹಾಕೋದು ಬೇಡ ಅಂತ ಹೇಳಿ. ನನ್ನ ಮಾತು ಕೇಳ್ತಿಲ್ಲ."

"ಅದಕ್ಕೇ ಓಡಾಡ್ತಿರೋದು."

ಅವಳು ಏನೋ ಹೇಳೋಕೆ ಹೊರಟು, ಒದ್ದೆ ಕೈ ಒರೆಸಿಕೊಂಡು, ಮತ್ತೆ ಸಿಂಕಿನ ಕಡೆ ತಿರುಗಿದಳು. ನಾನು ಮುಂದೆ ಹೋದೆ.

ಮೇಷ್ಟ್ರಿಗೆ ಎಪ್ಪತ್ತೆರಡು. ತಮ್ಮನಿಗೆ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವರು, ನಿವೃತ್ತಿಯಾದ ಮೇಲೆ ಇಲ್ಲಿ ಅಳತೆ ನೋಡೋ ಕೆಲಸ. ಒಂದೇ ಕಿಟಕಿಯ ಉದ್ದನೆ ಕೋಣೆ, ಗೋಡೆಯುದ್ದಕ್ಕೂ ಹುದುಗಿಸೋ ಯೀಸ್ಟು ತುಂಬಿ ಚೀಟಿ ಅಂಟಿಸಿದ ಗಾಜಿನ ಜಾಡಿಗಳು. ಅವರೂ ಒಂದು ಜಾಡಿ ತೊಳೆಯುತ್ತಿದ್ದರು. ಇಲ್ಲಿ ಸಾವಿನ ನಂತರ ಎಲ್ಲರಿಗೂ ನೀರಿನ ಕೆಲಸವೇ ಬೇಕಾಗಿದೆ.

"ಕೂತ್ಕೊಳ್ಳಿ ಟೈಂಕೀಪರ್ರೇ. ಸ್ಟೂಲಿನ ಒಂದು ಕಾಲು ಗಿಡ್ಡ, ನೋಡ್ಕೊಂಡು."

"ನಿಂತೇ ಕೇಳ್ತೀನಿ."

"ನಿಂತು ಕೇಳೋರಿಗೆ ಉತ್ತರ ಮೊದಲೇ ಗೊತ್ತಿರುತ್ತೆ. ಕೇಳಿ."

"ಮೊದಲನೇ ಬ್ರೂವರಿಗೆ ಫೋನ್ ಮಾಡಿ, ಒಬ್ಬರು ಬರಲ್ಲ, ಎರಡು ಗ್ಲಾಸು ಸಾಕು ಅಂತ ಗುರುವಾರ ಹೇಳಿದ್ದು ಯಾರು?"

ಜಾಡಿ ತಿರುಗಿಸುತ್ತಿದ್ದ ಕೈ ನಿಂತಿತು. ನೀರು ಹರಿಯುತ್ತಲೇ ಇತ್ತು. ಆಮೇಲೆ ನಲ್ಲಿ ಬಿಗಿಯಾಗಿ ನಿಲ್ಲಿಸಿದರು, ಇನ್ನೊಮ್ಮೆ ಮುಟ್ಟಿ ನೋಡಿದರು.

"ಯಾವ ಫೋನು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀವು ನಲ್ಲಿ ಮುಟ್ಟಿ ನೋಡ್ಕೊಂಡ್ರಿ ಮೇಷ್ಟ್ರೇ."

ಅವರು ನಗಲಿಲ್ಲ. ಜಾಡಿಯನ್ನು ಬೋರಲು ಹಾಕಿ, ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ನಾನೇ ಮಾಡಿದ್ದು," ಅಂದರು.

ನನಗೆ ಏನಾದರೂ ಅನ್ನಿಸಬೇಕಿತ್ತು. ಕೋಪ ಬರಬೇಕಿತ್ತು. ಗಿಡ್ಡ ಕಾಲಿನ ಸ್ಟೂಲನ್ನೇ ಎಳೆದುಕೊಂಡು ಕೂತೆ.

"ಯಾಕೆ?"

"ಅವನು ಬರೋದಿಲ್ಲ ಅಂತ ಗೊತ್ತಿತ್ತು. ರಾತ್ರಿ ನಾನೇ ಬಾಗಿಲಲ್ಲಿದ್ದೆ. ಫ್ಯಾನು ನಾನೇ ಆಫ್ ಮಾಡಿದೆ. ಸಾಕಲ್ಲ? ಇನ್‌ಸ್ಪೆಕ್ಟರಿಗೆ ಹೇಳಿ."

"ಕಾರಣ ಏನಂತ ಹೇಳಲಿ?"

"ಜಗಳ."

"ಯಾವುದಕ್ಕೆ?"

ಮೇಷ್ಟ್ರು ಜಾಡಿಗಳ ಸಾಲನ್ನು ನೋಡಿದರು. "ಯೀಸ್ಟಿಗೆ," ಅಂದರು.

"ಯೀಸ್ಟಿಗೆ ಕೊಲೆ."

"ನಿಮಗೆ ಬ್ರೂವರಿ ವಿಷಯ ಗೊತ್ತಿಲ್ಲ."

"ಗೊತ್ತಿಲ್ಲ. ಟೈಮಿನ ವಿಷಯ ಗೊತ್ತು. ಫೋನ್ ಮಾಡಿದಾಗ ಗಂಟೆ ಎಷ್ಟು?"

"ಸಂಜೆ. ಐದು, ಐದೂವರೆ."

"ಎಷ್ಟು ಕಡೆಗೆ ಮಾಡಿದ್ರಿ?"

"ನಾಲ್ಕೂ ಕಡೆಗೆ. ಒಂದೊಂದಾಗಿ."

ಆ ಕೋಣೆಯಲ್ಲಿ ಎಲ್ಲೋ ಒಂದು ಫ್ರಿಜ್ಜು ಗುಂಯ್ ಅನ್ನುತ್ತಿತ್ತು. 

"ಮೇಷ್ಟ್ರೇ, ಪರೀಕ್ಷೇಲಿ ಉತ್ತರ ಗೊತ್ತಿಲ್ಲದೆ ಬರೆಯೋ ಹುಡುಗನ್ನ ಹೇಗೆ ಕಂಡುಹಿಡೀತಿದ್ರಿ?"

"ತುಂಬ ಬೇಗ ಬರೀತಾನೆ," ಅಂದರು. ಅಂದಮೇಲೆ ಗೊತ್ತಾಯಿತು ಅವರಿಗೆ.

"ಫೋನ್ ಹೋದದ್ದು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ. ಒಂದೇ ಕಡೆಗೆ. ಉಳಿದ ಮೂರು ಕಡೆಗೆ ಅವರವರೇ ತಿಳಿಸಿಕೊಂಡ್ರು. ನೀವು ಮಾಡಿಲ್ಲ. ಆದರೆ ಮಾಡಿದ್ದು ನಿಮಗೆ ಗೊತ್ತು."

"ನನಗೆ ಎಪ್ಪತ್ತೆರಡು," ಅಂದರು ಮೇಷ್ಟ್ರು. "ಜೈಲಿನಲ್ಲಿ ಹೆಚ್ಚಂದ್ರೆ ನಾಲ್ಕು ವರ್ಷ ಇದ್ದೇನು. ಪುಸ್ತಕ ಕೊಡ್ತಾರಂತೆ. ನನ್ನ ಹೆಸರು ತಗೊಳ್ಳಿ, ಯಾರಿಗೂ ನಷ್ಟ ಇಲ್ಲ."

"ಯಾರನ್ನ ಮುಚ್ಚಿಡ್ತಿದ್ದೀರಿ?"

"ಟೈಂಕೀಪರ್ರೇ, ನಿಮಗೆ ಕೈ ಮುಗೀತೀನಿ, ಆ ಫೋನನ್ನ ಅಲ್ಲಿಗೇ ಬಿಡಿ. ಫ್ಯಾನು ಮರೆತಳು ಅಂದ್ರೆ ಅಜಾಗರೂಕತೆ, ವಕೀಲರು ಏನಾದ್ರೂ ಮಾಡ್ತಾರೆ. ನೀವು ಇದನ್ನ ಹೊರಗೆ ಎಳೆದ್ರೆ ಅದು ಮರೆವು ಅಂತ ಯಾರೂ..."

ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಿದ್ದು ತಡವಾಯಿತು.

ನಾನು ಕೇಳಿದ್ದು ಫೋನಿನ ವಿಷಯ, ಅವರು "ಮರೆತಳು" ಅಂದಿದ್ದರು.

"ಹುಡುಗಿ ಫೋನ್ ಮಾಡಿದ್ದನ್ನ ನೀವು ಕೇಳಿಸ್ಕೊಂಡ್ರಾ?"

ಮೇಷ್ಟ್ರು ಟವೆಲ್ಲನ್ನು ಮಡಿಸಿಟ್ಟರು. "ಬೆಳಿಗ್ಗೆ ಎಂಟೂಕಾಲಿಗೆ ಬಂದೆ. ಆಫೀಸಿನ ಬಾಗಿಲು ತೆಗೆದಿತ್ತು. ಅವಳು ಬೆನ್ನು ಮಾಡಿ ನಿಂತಿದ್ದಳು. 'ಅಪ್ಪ ಬರಲ್ಲ' ಅಂದಳು ಫೋನಿನಲ್ಲಿ. ಮಾಮೂಲಿ ದನಿಯಲ್ಲಿ. ಅವತ್ತು ನನಗೇನೂ ಅನ್ನಿಸಲಿಲ್ಲ. ಮಾರನೇ ದಿನ ಬೆಳಿಗ್ಗೆ ಅನ್ನಿಸಿತು."

"ಅವಳನ್ನ ಕೇಳಿದ್ರಾ?"

"ಏನಂತ ಕೇಳಲಿ?"

ನಾನು ಎದ್ದು ಬಂದೆ.

ಮೂರು ಗಂಟೆ ಆರು ನಿಮಿಷಕ್ಕೆ ಆಫೀಸಿನ ಫೋನು ಬಡಿಯಿತು. ಮೊದಲನೇ ಬ್ರೂವರಿಯ ಯಜಮಾನ. ದೊಡ್ಡ ಗಂಟಲಿನ ಮನುಷ್ಯ, ದುಃಖಕ್ಕೆ ಅಂತ ಕಷ್ಟಪಟ್ಟು ಸಣ್ಣಗೆ ಮಾತಾಡುತ್ತಿದ್ದ.

"ಹುಡುಗಿ ಸಾರ್. ಅವರ ಮಗಳೇ. ಎರಡು ಗ್ಲಾಸು, ಒಂದು ಬಾಟಲಿ, ಉಳಿದವರಿಗೂ ನೀವೇ ತಿಳಿಸಿಬಿಡಿ ಅಂಕಲ್ ಅಂದಳು. ಖುಷಿಯಾಗಿದ್ದಳು ಪಾಪ. ಏನು, ಏನಾದರೂ ತೊಂದರೆಯಾ?"

"ಇಲ್ಲ," ಅಂದೆ. "ಲೆಕ್ಕ ಸರಿ ಮಾಡ್ಕೊಳ್ತಿದ್ದೆ."

ಖುಷಿಯಾಗಿದ್ದಳಂತೆ.

ಹುಡುಗಿಯನ್ನು ಹುಡುಕಬೇಕಾಗಿರಲಿಲ್ಲ. ಪ್ರವಾಸಕ್ಕೆ ಅಂತ ತೊಳೆದು ನಿಲ್ಲಿಸಿದ್ದ ವ್ಯಾನಿನಲ್ಲಿ, ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಮೊದಲನೇ ದಿನದ ಡ್ರೈವರ್ ಅವಳೇ. ಹಿಂದಿನ ಸೀಟಿನಲ್ಲಿ ಬ್ಯಾಗುಗಳು ಇನ್ನೂ ಹಾಗೇ ಇದ್ದವು. ಮಡಿಲಲ್ಲಿ ಪೊಲೀಸರ ಕಾಗದ, ಪೆನ್ನು.

ನಾನು ಪಕ್ಕದ ಸೀಟಿಗೆ ಹತ್ತಿದೆ. ಬಾಗಿಲು ಎಳೆದುಕೊಂಡೆ. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಕೂತೆವು.

ಶುಕ್ರವಾರದಿಂದ ಅವಳು ನನ್ನನ್ನು ಒಂದು ಥರ ನೋಡುತ್ತಿದ್ದಳು. ಏನೋ ಕೇಳೋಕೆ ಬಂದು ಬಾಯಿ ಮುಚ್ಚಿಕೊಳ್ಳೋಳು. ನಾನು ಅದನ್ನು ದುಃಖ ಅಂದುಕೊಂಡಿದ್ದೆ. ಮೂರು ಗಂಟೆ ಆರು ನಿಮಿಷದಿಂದ ಬೇರೆ ಏನೋ ಅಂದುಕೊಳ್ಳುತ್ತಿದ್ದೆ, ಅಂದುಕೊಂಡದ್ದಕ್ಕೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ಪುಟ್ಟಿ," ಅಂದೆ. "ಗುರುವಾರ ಬೆಳಿಗ್ಗೆ ನೀನು ಬ್ರೂವರಿಗೆ ಫೋನ್ ಮಾಡಿದ್ಯಾ?"

"ಹೂಂ."

"ಅಪ್ಪ ಬರಲ್ಲ ಅಂತ ಹೇಳಿದ್ಯಾ?"

"ಹೂಂ." ತಿರುಗಿ ಕೂಡ ನೋಡಲಿಲ್ಲ. "ಅಪ್ಪನೇ ಹೇಳು ಅಂದ್ರು."

"ಅಪ್ಪನೇ?"

"ಬುಧವಾರ ರಾತ್ರಿ. ನಾನು ಬರಲ್ಲ, ನೀವು ಮೂರು ಜನ ಹೋಗಿ ಬನ್ನಿ ಅಂದ್ರು. ಬಿಯರ್ ದಂಡ ಮಾಡಬೇಡ, ಬೆಳಿಗ್ಗೇನೇ ಫೋನ್ ಮಾಡು ಅಂದ್ರು. ಮೇಷ್ಟ್ರಿಗೆ ನಾನೇ ಹೇಳ್ತೀನಿ, ಅವರು ಬೈತಾರೆ ಅಂದ್ರು. ಹೇಳಿದ್ರೋ ಇಲ್ವೋ."

ಹೇಳಿರಲಿಲ್ಲ.

"ವರ್ಷದಿಂದ ಪ್ಲಾನು ಮಾಡಿದವನು. ಒಂದು ದಿನ ಇರೋವಾಗ ಯಾಕೆ ಬಿಟ್ಟ?"

ಈಗ ತಿರುಗಿದಳು. ಕಣ್ಣು ಒಣಗಿದ್ದವು. ನಮ್ಮ ವಂಶದ ಕಣ್ಣು, ಬೇಕಾದಾಗ ಒದ್ದೆ ಆಗೋದಿಲ್ಲ.

"ನಿಮಗೋಸ್ಕರ ದೊಡ್ಡಪ್ಪ."

ನಾನು ಅವಳ ಕಡೆ ತಿರುಗಿದೆ.

"ಗುರುವಾರ ರಾತ್ರಿ ನೀವು ಬರ್ತೀರಿ, ಎರಡು ದಿನ ಇರ್ತೀರಿ ಅಂದ್ರು. ಬ್ರೂವರಿ ಎಲ್ಲೂ ಓಡಿಹೋಗಲ್ಲ, ಅಣ್ಣ ಮತ್ತೆ ಮನಸ್ಸು ಬದಲಾಯಿಸಿದ್ರೆ ಏನು ಮಾಡ್ಲಿ ಅಂದ್ರು. ಗುರುವಾರ ಮಧ್ಯಾಹ್ನ ಎರಡು ಸಲ ಶೇವ್ ಮಾಡಿದ್ರು. ನೆಲ ಎಲ್ಲ ತಾವೇ ತೊಳೆದ್ರು. ಏಳು ಗಂಟೆಗೆ ನೀನು ಮನೆಗೆ ಹೋಗಿ ಮಲಕ್ಕೋ, ಬೆಳಿಗ್ಗೆ ಗಾಡಿ ಓಡಿಸ್ಬೇಕು ಅಂತ ಕಳಿಸಿದ್ರು. ನಾನು ಹೋಗೋವಾಗ ಫ್ಯಾನು ಹಾಕಿದ್ನೋ ಇಲ್ವೋ, ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ. ಒಂಬತ್ತಕ್ಕೆ ಮಲಗಿದೆ. ಅಪ್ಪ ಬಂದಿರಲಿಲ್ಲ. ಅಣ್ಣ ತಮ್ಮ ಮಾತಾಡ್ತಾ ಕೂತಿರ್ತಾರೆ ಅಂದ್ಕೊಂಡೆ. ಎರಡು ವರ್ಷದ್ದು ಇದ್ಯಲ್ಲ ಮಾತಾಡೋಕೆ."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತಾರೆ. ಆ ಗಾದೆ ಮಾಡಿದವನಿಗೆ ಎರಡು ಸಲ ಶೇವ್ ಮಾಡುವ ತಮ್ಮ ಇರಲಿಲ್ಲ. ನನ್ನ ಎದೆಯೊಳಗೆ ಮರಗಟ್ಟಿದ್ದು ಒಂದು ಮೂಲೆಯಲ್ಲಿ ಬಿಟ್ಟ ಹಾಗಾಯಿತು, ಬಿಟ್ಟ ಕಡೆ ನೋವು ಶುರುವಾಯಿತು.

"ನಾನು ಬರ್ತೀನಿ ಅಂತ ಹೇಳಿರಲಿಲ್ಲ ಪುಟ್ಟಿ," ಅಂದೆ. "ನಾನು ಅವನ ಹತ್ತಿರ ಮಾತಾಡಿಯೇ ಇಲ್ಲ."

"ಗೊತ್ತು. ಕರ್ಕೊಂಡು ಬರ್ತೀನಿ ಅಂತ ಅಪ್ಪನಿಗೆ ಫೋನ್ ಮಾಡಿದ್ದು ದೊಡ್ಡಮ್ಮ."

ಹೊರಗೆ ಗೇಟಿನ ಹತ್ತಿರ ಜೀಪಿನ ಸದ್ದು ಕೇಳಿಸಿತು. ಮೂರೂ ಐವತ್ತೆರಡು. ಆ ಮನುಷ್ಯ ಮೊದಲ ಸಲ ಸಮಯಕ್ಕೆ ಮುಂಚೆ ಬಂದಿದ್ದ.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಶುಕ್ರವಾರವೇ ಕೇಳೋಣ ಅಂತಿದ್ದೆ, ಯಾಕೆ ಬರಲಿಲ್ಲ ಅಂತ. ದೊಡ್ಡಮ್ಮ ಬೇಡ ಅಂದ್ರು. 'ಅದೊಂದು ಮಾತು ಅವರ ಹತ್ರ ಎತ್ತಬೇಡ ಕಣೆ, ತಡ್ಕೊಳ್ಳಲ್ಲ' ಅಂದ್ರು. ಅವರು ಹೇಳಿದ್ದು ಸರಿ ಅನ್ನಿಸಿತು." ಅವಳು ಕಾಗದ ಎತ್ತಿಕೊಂಡಳು. "ಬನ್ನಿ ದೊಡ್ಡಪ್ಪ. ಮುಗಿಸಿಬಿಡೋಣ."

ಅಂಗಳ ದಾಟಿ ಆಫೀಸಿಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಯಲ್ಲಿ ಗುರುವಾರ ಸಂಜೆ ಪೂರ್ತಿ ನನ್ನ ಮುಂದೆ ಬಂತು.

ಆರು ಗಂಟೆಗೆ ನಮ್ಮವಳು ನನ್ನ ಸ್ವೆಟರ್ ಹಿಡಿದುಕೊಂಡು ಬಂದು ನಿಂತಿದ್ದಳು. "ಏಳಿ, ಒಂದು ಕಡೆ ಹೋಗಿ ಬರೋಣ" ಅಂದಳು. ನಾನು ಟಿವಿ ನೋಡುತ್ತಿದ್ದೆ. "ಈಗೆಲ್ಲಿಗೆ, ಸುಮ್ಮನೆ ಕೂತ್ಕೋ" ಅಂದೆ. ಎರಡನೇ ಸಲ ಕರೆದಳು. ಅದಕ್ಕೆ ನಾನು ಉತ್ತರವನ್ನೂ ಕೊಡಲಿಲ್ಲ. ಅವಳು ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಹೊರಟಳು. ಅವಳ ಅಕ್ಕನ ಮನೆಗೆ ಇರಬೇಕು ಅಂದುಕೊಂಡೆ. ವಾಪಸು ಬಂದದ್ದು ಹತ್ತು ಐವತ್ತೈದಕ್ಕೆ. ಇಲ್ಲಿಂದ ನಮ್ಮ ಮನೆಗೆ ಬಸ್ಸಿನಲ್ಲಿ ನಲವತ್ತೈದು ನಿಮಿಷ, ಸ್ಟಾಪಿನಿಂದ ಹತ್ತು ನಿಮಿಷ ನಡಿಗೆ. ಕಡೇ ಬಸ್ಸು ಹೊರಡೋದು ಹತ್ತಕ್ಕೆ. ಆ ಟೈಂಟೇಬಲ್ ನಾನೇ ಮಾಡಿದ್ದು. ಅಂದರೆ ಒಂಬತ್ತು ಹತ್ತರ ನಡುವೆ ಆ ಬಾಗಿಲಲ್ಲಿ ನಿಂತಿದ್ದವಳು ಅವಳೇ.

ಎಷ್ಟು ಗಂಟೆಗೆ ಬಂದಳು ಅಂತ ನೋಡಿದ್ದೆ. ನೋಡೋದು ನನ್ನ ಚಾಳಿ. ಎಲ್ಲಿಂದ ಬಂದಳು ಅಂತ ಕೇಳೋದು ಯಾವತ್ತೂ ಚಾಳಿಯಾಗಿರಲಿಲ್ಲ.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಬಚ್ಚಲಲ್ಲಿ ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು.

ಇನ್‌ಸ್ಪೆಕ್ಟರ್ ಆಗಲೇ ತಮ್ಮನ ಕುರ್ಚಿಯಲ್ಲಿ ಕೂತಿದ್ದ. "ಬಾರಮ್ಮ," ಅಂದ. "ಓದಿದ್ಯಾ? ಕೆಳಗೆ ಎರಡು ಕಡೆ ಹಾಕಬೇಕು."

ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು, ನನ್ನನ್ನೇ ನೋಡುತ್ತಾ. ಹುಡುಗಿ ಕಾಗದವನ್ನು ಮೇಜಿನ ಮೇಲೆ ಹರಡಿ ಕೈಯಿಂದ ಸುಕ್ಕು ತೀಡಿದಳು.

ನಮ್ಮವಳು ಟೀ ತಂದಳು. ತಟ್ಟೆಯಲ್ಲಿ ಐದು ಲೋಟ, ಒಂದೂ ಅಲುಗುತ್ತಿರಲಿಲ್ಲ. ಹುಡುಗಿಯ ಕೈಯಲ್ಲಿ ಪೆನ್ನು ನೋಡಿ ಅಲ್ಲೇ ನಿಂತಳು.

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹೆಂಡತಿ ನನ್ನ ಜೊತೆ ಮನೆಗೆ ಬರುತ್ತಾಳೆ. ಹುಡುಗಿ ಜೀಪು ಹತ್ತುತ್ತಾಳೆ. ತೆರೆದರೆ ಏನಾಗುತ್ತೆ, ಅವಳ ಕೈ ಸ್ವಿಚ್ಚಿಗೆ ಹೋದದ್ದು ತಪ್ಪಿಯೋ ಬೇಕೆಂದೋ, ನನಗೆ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷದ ಸಂಸಾರ. ಅವಳು ನನ್ನ ತಮ್ಮನನ್ನು ನನಗಿಂತ ಚೆನ್ನಾಗಿ ನೋಡಿಕೊಂಡವಳು.

ಪೆನ್ನಿನ ಮೊನೆ ಕಾಗದ ಮುಟ್ಟುವ ಮುಂಚೆ ನನ್ನ ಅಂಗೈಯನ್ನು ಆ ಜಾಗದ ಮೇಲೆ ಇಟ್ಟೆ.

"ಏನ್ರೀ ಇದು?" ಅಂದ ಇನ್‌ಸ್ಪೆಕ್ಟರ್.

ನಾನು ಅವನ ಕಡೆ ನೋಡಲಿಲ್ಲ.

"ಗುರುವಾರ ರಾತ್ರಿ ನೀನು ಎಲ್ಲಿಗೆ ಹೋಗಿದ್ದೆ?" ಅಂತ ನಮ್ಮವಳನ್ನು ಕೇಳಿದೆ.

ಮೇಷ್ಟ್ರು ನೆಟ್ಟಗೆ ನಿಂತರು. ಹುಡುಗಿ ನನ್ನನ್ನು ನೋಡಿದಳು, ದೊಡ್ಡಮ್ಮನನ್ನು ನೋಡಿದಳು.

ನಮ್ಮವಳು ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಒಂದು ಲೋಟ ತೆಗೆದು ಹುಡುಗಿಯ ಮುಂದೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯ ಕಾಣಲಿಲ್ಲ, ಎಲ್ಲೋ ಬಹಳ ದೂರ ನಡೆದು ಬಂದವರ ಆಯಾಸ ಮಾತ್ರ ಇತ್ತು.

"ಇದನ್ನ ಕೇಳೋಕೆ ನಿಮಗೆ ಐದು ದಿನ ಬೇಕಾಯ್ತು," ಅಂದಳು.